ಬಂದೂಕಿಗೆ ತಕ್ಕ ಮನುಷ್ಯ

೧೯ ಆಗಸ್ಟ್ ೧೯೫೬, ಕುರ್ಲಾ

ಇಂದು ಬೆಳಿಗ್ಗೆ ಶುಭಮುಹೂರ್ತದಲ್ಲಿ, ಕಾಂತಪ್ಪ ಮಾವನ ಹೋಟೆಲಿನ ಗಲ್ಲಾದ ಮೇಲೆ, ಇಡ್ಲಿಯ ಹಬೆಯನ್ನು ಸಾಕ್ಷಿಯಾಗಿಟ್ಟುಕೊಂಡು ಮುಂಬಯಿಯ ಪೊಲೀಸ್ ಕಮಿಷನರ್ ಸಾಹೇಬರಿಗೆ ಒಂದು ಅರ್ಜಿ ಬರೆದೆ. ಇಂಟರ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಈ ಸದಾನಂದನಿಗಿಂತ ಚೆನ್ನಾಗಿ ಇಂಗ್ಲಿಷಿನಲ್ಲಿ ಅಡ್ಡಬೀಳಬಲ್ಲವರು ಈ ಓಣಿಯಲ್ಲಿ ಬೇರೆ ಯಾರಿದ್ದಾರೆ? ಅರ್ಜಿದಾರ, ಎದುರು ಚಾಳಿನ ಗದಿಗೆಪ್ಪ. ಬೇಡಿಕೆ, ಜೋಡುನಳಿಗೆಯ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್.

ಗದಿಗೆಪ್ಪ ಧಾರವಾಡದ ಕಡೆಯವನು. ತೆಂಗಿನ ಮರದಂತೆ ಎತ್ತರ, ಬುದ್ಧಿಯೂ ಸುಮಾರಾಗಿ ಆ ಮರದ್ದೇ. ಮಾತಾಡುವ ಮೊದಲು ಒಮ್ಮೆ ಕೆಮ್ಮುತ್ತಾನೆ, ಮಾತಾಡಿದ ಮೇಲೆ ಇನ್ನೊಮ್ಮೆ. ಗಿರಣಿಯ ಹತ್ತಿಧೂಳು ಎದೆಯಲ್ಲಿ ಕೂತಿದೆ, ಇನ್ನು ಮಗ್ಗದ ಬಳಿ ನಿಂತರೆ ನಿಂತಲ್ಲೇ ಹೋಗುತ್ತೀ ಎಂದು ಡಾಕ್ಟರು ಹೇಳಿದ ಮೇಲೆ ಕೆಲಸ ಬಿಟ್ಟಿದ್ದಾನೆ. ಈಗ ಸಾಂತಾಕ್ರೂಜಿನ ಒಬ್ಬ ಸರಾಫ ಶೇಠ್ ಹೊಸ ಚಿನ್ನದ ಪೇಢಿ ತೆರೆಯುತ್ತಿದ್ದಾನೆ. ಅವನಿಗೆ ಬಂದೂಕಿನ ಕಾವಲುಗಾರ ಬೇಕು. ಬಂದೂಕನ್ನು ಶೇಠ್ ಕೊಡಿಸುತ್ತಾನೆ. ಲೈಸೆನ್ಸ್ ಮಾತ್ರ ಹಿಡಿಯುವವನ ಹೆಸರಿನಲ್ಲಿ ಇರಬೇಕು. ದೀಪಾವಳಿಗೆ ಪೇಢಿಯ ಆರಂಭ. ಅಷ್ಟರಲ್ಲಿ ಲೈಸೆನ್ಸ್ ಬಂದರೆ ಕೆಲಸ ಇವನದು. ಬಾರದಿದ್ದರೆ, ಲೈಸೆನ್ಸ್ ಸಮೇತ ಸಿಗುವ ಉತ್ತರದ ಭಯ್ಯಾಗಳು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಇವನಿಗೆ ಉಳಿಯುವುದು ಹೆಂಡತಿ ಮಲ್ಲವ್ವ ದಾದರಿನ ಖಾನಾವಳಿಯಲ್ಲಿ ರೊಟ್ಟಿ ಬಡಿದು ತರುವ ಕೂಳು, ಅದೂ ಅವಳ ತೋಳು ನಡೆಯುವ ತನಕ.

ಬಂದೂಕು ಹಿಡಿದು ಗೊತ್ತುಂಟೋ ಎಂದು ಕೇಳಿದೆ.

"ದೇಸಾಯರ ಹೊಲದಾಗ ಹಂದಿ ಕಾಯ್ತಿದ್ನಿ, ತಮ್ಮಾ. ಹತ್ತು ವರ್ಷ."

ಎಷ್ಟು ಹಂದಿ ಬಿದ್ದವು ಎಂದೆ.

"ಒಂದೂ ಇಲ್ಲ. ಗಾಳ್ಯಾಗ ಹಾರಸ್ತಿದ್ನಿ. ಅವೂ ಹೊಟ್ಟಿಗೇ ಬರ್ತಿದ್ವಲ್ಲ."

ಅರ್ಜಿಯಲ್ಲಿ 'ಬೇಟೆಯಲ್ಲಿ ನುರಿತವನು' ಎಂದು ಬರೆದೆ. ಸಹಿ ಹಾಕುವಾಗ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಾಗದ ಹರಿಯುವಂತೆ ಒತ್ತಿದ. ಈ ಸಂಗತಿ ಯಾರ ಕಿವಿಗೂ ಬೀಳಬಾರದಂತೆ. ಕೆಲಸ ಸಿಗುವ ಮೊದಲೇ ಹೇಳಿಕೊಂಡರೆ ಚಾಳಿನವರ ಕಣ್ಣು ತಾಗುತ್ತದಂತೆ. ಆ ಚಾಳಿನವರ ಕಣ್ಣಿಗೆ ಅಷ್ಟು ಶಕ್ತಿಯಿದ್ದಿದ್ದರೆ ಚಾಳಿನ ಮಾಲಕ ಯಾವತ್ತೋ ಸುಟ್ಟು ಬೂದಿಯಾಗುತ್ತಿದ್ದ.

೧೧ ಸೆಪ್ಟೆಂಬರ್

ಸರಕಾರದ ಕಣ್ಣು ತೆರೆಯಿತು. ನನ್ನ ಇಂಗ್ಲಿಷ್ ಅರ್ಜಿ ಫೋರ್ಟಿನ ದೊಡ್ಡ ಕಚೇರಿಗೆ ಏರಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ನಮ್ಮ ಠಾಣೆಯ ಒಬ್ಬ ಹವಾಲ್ದಾರನ ಜೇಬಿಗೆ ಬಂದು ಬಿದ್ದಿದೆ. ಬೆಳಿಗ್ಗೆ ಅವನು ಹೋಟೆಲಿಗೆ ಬಂದ. ರತ್ನಾಗಿರಿಯ ಕಡೆಯ ಮನುಷ್ಯ, ಮೀಸೆಯೊಂದೇ ಪೂರ್ತಿ ಎಚ್ಚರವಾಗಿರುವ ಮುಖ. ಬಂದೂಕು ಕೇಳಿದವನ ಚೌಕಶಿ ಮಾಡಬೇಕಂತೆ. ಕುಡಿಯುತ್ತಾನೆಯೇ, ಜಗಳಗಂಟನೇ, ತಲೆ ನೆಟ್ಟಗಿದೆಯೇ, ಚಳವಳಿಗಿಳವಳಿಯಲ್ಲಿ ಇದ್ದಾನೆಯೇ, ಕೊಟ್ಟ ವಿಳಾಸದಲ್ಲಿ ಇರುವುದು ನಿಜವೇ. ಪಾನನಿಷೇಧದ ಕಾಯಿದೆ ತಂದ ಸರಕಾರವೇ ಮನೆ ಮನೆಗೆ ಜನ ಕಳಿಸಿ, ಇವ ಕುಡಿಯುತ್ತಾನೆಯೇ ಎಂದು ವಿಚಾರಿಸುತ್ತದೆ. ತನ್ನ ಕಾಯಿದೆಯ ಮೇಲೆ ಅದಕ್ಕಿರುವ ವಿಶ್ವಾಸ ಇಷ್ಟು.

ಚಾಳಿನ ಮಾಲಕನೂ ಹೋದ ವರ್ಷ ರಿವಾಲ್ವರ್ ಲೈಸೆನ್ಸ್ ತೆಗೆದ. ಅವನಿರುವುದು ಮಲಾಡಿನ ಬಂಗಲೆಯಲ್ಲಿ. ಬಾಡಿಗೆ ವಸೂಲಿಗೆ ಬರುವ ಮುನ್ಷಿ ಹೇಳುವಂತೆ, ಅಲ್ಲಿಗೆ ಚೌಕಶಿಗೆ ಹೋದವರು ಸೋಫಾದಲ್ಲಿ ಕೂತು ಲಸ್ಸಿ ಕುಡಿದು, ನೆರೆಹೊರೆಯವರಿಗೆ ತೊಂದರೆ ಕೊಡದೆ ಎದ್ದು ಬಂದರಂತೆ. ಸಂಜೆಯಾದ ಮೇಲೆ ಆ ಪುಣ್ಯಾತ್ಮನಿಗೆ ತನ್ನ ಸ್ವಂತ ನಾಯಿಯ ಗುರುತು ಹತ್ತುವುದಿಲ್ಲ.

ಬೇರೊಂದು ಕೆಲಸ ಮುಗಿಸಿ ಮಧ್ಯಾಹ್ನ ಬರುತ್ತೇನೆ, ಚಾಳಿನವರಿಗೆ ತಿಳಿಸಿಡು ಎಂದು ಹವಾಲ್ದಾರ ಹೋದ. ಗದಿಗೆಪ್ಪ ಶೇಠ್‌ನ ಅಂಗಡಿಗೆ ಮರ ಇಳಿಸಲು ಸಾಂತಾಕ್ರೂಜಿಗೆ ಹೋಗಿದ್ದ. ಮಲ್ಲವ್ವ ನಸುಕಿಗೇ ದಾದರಿಗೆ ಹೋಗಿದ್ದಳು. ಅಂದರೆ ವಿಷಯ ಗೊತ್ತಿರುವವನು ನಾನೊಬ್ಬನೇ. ಇಂಥ ಸಂದರ್ಭಗಳು ದೈವಕೃಪೆಯಿಂದ ಮಾತ್ರ ಒದಗುತ್ತವೆ.

ನಳದ ಸಾಲಿಗೆ ಹೋದೆ. ಸ್ಮಶಾನದಿಂದ ಬಂದವನ ಮುಖ ಮಾಡಿಕೊಂಡು, ಗದಿಗೆಪ್ಪನನ್ನು ಕೇಳಿಕೊಂಡು ಮಧ್ಯಾಹ್ನ ಪೊಲೀಸರು ಬರುತ್ತಾರೆ ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಯಾತಕ್ಕೆ ಎಂದು ಮುದುಕಿ ರಾಚವ್ವ ಕೇಳಿದಳು. ಆಕಾಶ ನೋಡಿ ನಿಟ್ಟುಸಿರು ಬಿಟ್ಟೆ. ಅದೂ ಸುಳ್ಳಲ್ಲ, ನಗು ತಡೆಯಲು ಬೇರೆ ದಾರಿಯಿರಲಿಲ್ಲ.

ಜನವರಿಯಲ್ಲಿ ಮುಂಬಯಿ ಯಾವ ರಾಜ್ಯಕ್ಕೆ ಎಂದು ಊರೆಲ್ಲ ಉರಿದಾಗ ಪೊಲೀಸರು ಈ ಚಾಳಿಗೂ ಬಂದು, ಹೆಸರು ಹಿಡಿದು ನಾಲ್ಕು ಹುಡುಗರನ್ನು ವ್ಯಾನಿಗೆ ಹತ್ತಿಸಿದ್ದರು. ಅಂದಿನಿಂದ ಇಲ್ಲಿ ಒಂದು ಪದ್ಧತಿ ಬಂದಿದೆ. ಪೊಲೀಸರು ಯಾರ ಹೆಸರು ಹೇಳಿದರೂ ಅಂಥವನು ಇಲ್ಲಿಲ್ಲ, ಇರಲಿಲ್ಲ, ನಾವು ಕೇಳಿಯೂ ಇಲ್ಲ. ಕುಲದೇವರ ಪೂಜೆಯಲ್ಲಿ ತಪ್ಪಿದರೂ ಇದರಲ್ಲಿ ತಪ್ಪುವವರಲ್ಲ.

ಮಧ್ಯಾಹ್ನ ಹವಾಲ್ದಾರ ಬಂದ. ಹಿಂದಿನ ಸಾಲಿನವರಿಗೆ ಕನ್ನಡ ಬಿಟ್ಟು ಬೇರೆ ಬಾರದು ಎಂದು ನನ್ನನ್ನು ದುಭಾಷಿಯಾಗಿ ಕರೆದುಕೊಂಡು ಹೋದ. ಮೊದಲು ಕಾಶಪ್ಪ. ಗದಿಗೆಪ್ಪ? ಊರಿಗೆ ಹೋಗಿ ಆರು ತಿಂಗಳಾಯಿತು. ಎರಡನೆಯವನು, ಹೋಗಿ ಎರಡು ವರ್ಷವಾಯಿತು ಎಂದ. ಮೂರನೆಯವನಾದ ಸಿದ್ದರಾಮಪ್ಪ ಅಭಿಮಾನದ ಭರದಲ್ಲಿ, ಅವನು ಕಾಲರಾದಲ್ಲಿ ಸತ್ತೇ ಹೋದ ಎಂದು ಹೇಳಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಆ ಕಣ್ಣೀರು ನಿಜವಾದದ್ದು, ನಾನೇ ನೋಡಿದೆ.

ಗದಿಗೆಪ್ಪನ ಖೋಲಿಗೆ ಬಂದೆವು. ಬಾಗಿಲು ತೆರೆದಿತ್ತು. ಒಳಗೆ ರಾಚವ್ವ. ಗೋಡೆಯ ಮೇಲಿದ್ದ ಅವನ ಅಂಗಿಗಳಿಲ್ಲ, ಕಾಟ್ ಇಲ್ಲ. ನೆಲದ ತುಂಬ ಹಪ್ಪಳ ಹರವಿ, ನಡುವೆ ತನ್ನ ಬೀಸುಕಲ್ಲು ಇಟ್ಟುಕೊಂಡು, ಹುಟ್ಟಿದ್ದೇ ಅಲ್ಲಿ ಎಂಬಂತೆ ಕೂತಿದ್ದಳು.

"ನಾ ಈ ಖೋಲ್ಯಾಗ ಇರಾಕ್ಹತ್ತಿ ಮೂವತ್ತ ವರ್ಷಾತು," ಎಂದಳು. "ಗದಿಗೆಪ್ಪ ಅನ್ನಾಂವ ನನ್ನ ಜನ್ಮದಾಗ ಗೊತ್ತಿಲ್ಲ. ಬೇಕಾರ ಹಪ್ಪಳ ತಗೊಂಡು ಹೋಗು ಅನ್ನು ಅವಗ."

ಎಲ್ಲವನ್ನೂ ಶಬ್ದಕ್ಕೆ ಶಬ್ದ ಮರಾಠಿಗೆ ಇಳಿಸಿದೆ. ಹವಾಲ್ದಾರ ಈಗ ನಗುತ್ತಾನೆ, ಇನ್ನು ನಗುತ್ತಾನೆ ಎಂದು ಕಾದೆ. ಅವನು ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಒತ್ತಿ ಎಲ್ಲವನ್ನೂ ಬರೆದುಕೊಂಡ. ಹಪ್ಪಳವನ್ನೂ ಬರೆದುಕೊಂಡನೇನೋ. ನಗಲು ಬಾರದವರನ್ನು ಆರಿಸಿ ಆರಿಸಿ ಪೊಲೀಸಿಗೆ ಸೇರಿಸುತ್ತಾರೆ.

ರಾತ್ರಿ ಮಲಗುವ ತನಕ ನೆನೆದು ನೆನೆದು ನಕ್ಕೆ.

೧೨ ಸೆಪ್ಟೆಂಬರ್

ಗದಿಗೆಪ್ಪ ಬಂದಾಗ ಇಡೀ ಚಾಳು ಅವನನ್ನು ಉಳಿಸಿದ ಕಥೆಯನ್ನು ಅವನಿಗೇ ಹೇಳಿತಂತೆ. ಅವನು ಹಪ್ಪಳಗಳನ್ನು ಒಂದೊಂದಾಗಿ ಎತ್ತಿ ರಾಚವ್ವನ ಮನೆಗೆ ಮುಟ್ಟಿಸಿ, ಮೆಟ್ಟಿಲ ಮೇಲೆ ಕೂತನಂತೆ. ಲೈಸೆನ್ಸಿನ ಮಾತು ಹೊರಗೆ ಹಾಕಿದವಳು ಮಲ್ಲವ್ವ, ಅಳುತ್ತ.

ಬೆಳಿಗ್ಗೆ ಚಹಾಕ್ಕೆ ಬಂದಿದ್ದ. ಹವಾಲ್ದಾರ ಹೇಳಿದ್ದನ್ನು ನೀನು ಹೇಳಿದೆ, ಅದರಲ್ಲಿ ನಿನ್ನದೇನು ತಪ್ಪು ಎಂದು ಅವನೇ ನನಗೆ ಸಮಾಧಾನ ಹೇಳಿದ. ಅನುಮಾನ ಪಡುವುದಕ್ಕೂ ಸ್ವಲ್ಪ ಬುದ್ಧಿ ಬೇಕಾಗುತ್ತದೆ.

೨೦ ಸೆಪ್ಟೆಂಬರ್

ಠಾಣೆಯಿಂದ ಗದಿಗೆಪ್ಪನಿಗೆ ಕರೆ. ಖೋಟಾ ವಿಳಾಸ ಕೊಟ್ಟ ಆರೋಪ. ಮಾತಾಡಲು ನೀನೂ ಬಾ ಎಂದ. ತಮಾಷೆ ನೋಡಲು ಟಿಕೆಟ್ಟಿಲ್ಲದೆ ಒಳಗೆ ಬಿಡುತ್ತಾರೆಂದರೆ ಯಾರು ಬೇಡ ಎನ್ನುತ್ತಾರೆ?

ತಮಾಷೆ ಚೆನ್ನಾಗಿಯೇ ಇತ್ತು. ಸಬ್ ಇನ್‌ಸ್ಪೆಕ್ಟರರು ಕಾಗದ ಓದಿದರು. ಈ ವಿಳಾಸದಲ್ಲಿ ಗದಿಗೆಪ್ಪ ಇಲ್ಲ. ಇದ್ದವನು ಊರಿಗೆ ಹೋಗಿದ್ದಾನೆ. ಮತ್ತು ಸತ್ತಿದ್ದಾನೆ. ಹಾಗಾದರೆ ನೀನು ಯಾರು?

"ನಾನ ಅದೇನಲ್ರೀ, ಗದಿಗೆಪ್ಪ," ಎಂದ ಇವನು.

ಅದಕ್ಕೆ ಆಧಾರ? ಇವನು ತನ್ನ ಎದೆ ಮುಟ್ಟಿಕೊಂಡ. ಆಮೇಲೆ, ಬೇರೆ ಏನಾದರೂ ತೋರಿಸಬಹುದೋ ಎಂಬಂತೆ ಅಂಗೈಗಳೆರಡನ್ನೂ ಮುಂದೆ ಚಾಚಿದ. ಆಗಲೇ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಸಬ್ ಇನ್‌ಸ್ಪೆಕ್ಟರರು, ಕ್ಷಯವೇನು ಎಂದು ಕೇಳಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಕ್ಷಯದವನಿಗೆ ಬಂದೂಕು ಕೊಡಲಾಗದು ಎಂದು ಎಲ್ಲೂ ಬರೆದಿಲ್ಲ, ಸಾಹೇಬರೇ, ಇದು ಗಿರಣಿಯ ಧೂಳು, ಡಾಕ್ಟರ ಚೀಟಿ ಇದೆ, ನಾಳೆಯೇ ತಂದು ಕೊಡುತ್ತೇನೆ ಎಂದೆ. ಯಾರೂ ಕೇಳದೆ ನಾನೇಕೆ ಬಾಯಿ ಹಾಕಿದೆನೋ. ತಮಾಷೆ ಅರ್ಧದಲ್ಲಿ ಮುಗಿಯಬಾರದು, ಅದಕ್ಕೇ ಇರಬೇಕು.

೩ ಅಕ್ಟೋಬರ್

ಡಾಕ್ಟರ ಚೀಟಿಗೆ ಮೂರು ಸಲ ಅಲೆದೆ. ಡಾಕ್ಟರನೂ ಒಬ್ಬ ಗೂಬೆ.

ಇಂದು ರಾಚವ್ವನ ದಂಡಯಾತ್ರೆ. ತಾನು ಹೇಳಿದ ಸುಳ್ಳನ್ನು ತಾನೇ ಹೋಗಿ ತೊಳೆಯುತ್ತೇನೆಂದು, ಚಾಳಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಠಾಣೆಗೆ ಹೊರಟಳು. ನಾನು ದುಭಾಷಿ. ಠಾಣೆಯ ಅಂಗಳದಲ್ಲಿ ಇಳಕಲ್ ಸೀರೆಗಳು ಹರಡಿ ಕೂತಾಗ ಒಳಗಿದ್ದ ಜೇಬುಗಳ್ಳರು ಸಹ ಸರಳಿಗೆ ಮುಖವಿಟ್ಟು ನೋಡಿದರು. ಗದಿಗೆಪ್ಪ ಇಲ್ಲೇ ಇದ್ದಾನೆ, ಹತ್ತು ವರ್ಷದಿಂದ ಇದ್ದಾನೆ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಜೀವಂತ ಇದ್ದಾನೆ.

ಸಬ್ ಇನ್‌ಸ್ಪೆಕ್ಟರರು ಶಾಂತವಾಗಿ ಕೇಳಿಕೊಂಡು ಒಂದೇ ಪ್ರಶ್ನೆ ಹಾಕಿದರು. ಅಂದು ಹೇಳಿದ್ದು ಸುಳ್ಳೋ, ಇಂದು ಹೇಳುತ್ತಿರುವುದೋ? ಇದಕ್ಕೆ ಉತ್ತರ ನನ್ನ ಬಳಿ ಇತ್ತು, ಆದರೆ ನಾನು ಅಲ್ಲಿ ದುಭಾಷಿ ಮಾತ್ರ.

ಮುಂಬಯಿಯ ಮಾತು ನಂಬುವಂತಿಲ್ಲ, ಹುಟ್ಟೂರಿನಿಂದಲೇ ವರದಿ ತರಿಸುತ್ತೇವೆ ಎಂದರು. ಕಾಗದ ಧಾರವಾಡ ಜಿಲ್ಲೆಗೆ ಹೋಗುತ್ತದೆ, ಅಲ್ಲಿಂದ ತಾಲೂಕಿಗೆ, ಅಲ್ಲಿಂದ ಊರ ಗೌಡನಿಗೆ. ಗೌಡ ಬರೆಯುತ್ತಾನೆ, ಅದು ಬಂದ ದಾರಿಯಲ್ಲೇ ಮರಳುತ್ತದೆ.

ದಾರಿಯಲ್ಲಿ ರಾಚವ್ವ ಎಲ್ಲರಿಂದ ಆಣೆ ಹಾಕಿಸಿಕೊಂಡಳು. ಇನ್ನು ಮೇಲೆ ಪೊಲೀಸರು ಏನೇ ಕೇಳಲಿ, ಖರೆ ಬಿಟ್ಟು ಒಂದು ಮಾತು ಆಡಬಾರದು. ಚಾಳಿಗೆ ಚಾಳೇ ಹರಿಶ್ಚಂದ್ರನಾಗುವುದನ್ನು ಕಂಡು ಧನ್ಯನಾದೆ.

೧೪ ಅಕ್ಟೋಬರ್, ದಸರಾ

ಗದಿಗೆಪ್ಪ ಬನ್ನಿ ಎಲೆ ತಂದ. ಬಂಗಾರ ತಗೊಂಡು ಬಂಗಾರದ ಹಾಂಗ ಇರೂಣು ಎಂದು ನನ್ನ ಕೈಗೂ ಕೊಟ್ಟ. ಶೇಠ್‌ನ ಬಂಗಾರಕ್ಕೆ ಕಾವಲು ನಿಲ್ಲುವುದಕ್ಕೆ ಲೈಸೆನ್ಸ್ ಬೇಕು, ಈ ಬಂಗಾರವನ್ನು ಯಾವ ಚೌಕಶಿಯೂ ಇಲ್ಲದೆ ಹಂಚಬಹುದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಕ್ಕ ಮಾತ್ರ.

ಧಾರವಾಡದಿಂದ ಏನೂ ಬಂದಿಲ್ಲ.

೧ ನವೆಂಬರ್

ಇಂದು ನಾನು ಗಲ್ಲಾದಿಂದ ಮೇಲೇಳದೆಯೇ ರಾಜ್ಯ ಬದಲಾಯಿಸಿದೆ. ನಿನ್ನೆಯವರೆಗೆ ನನ್ನ ಊರು ಮದ್ರಾಸಿನಲ್ಲಿತ್ತು, ಇಂದಿನಿಂದ ಮೈಸೂರಿನಲ್ಲಿದೆ. ಗದಿಗೆಪ್ಪನ ಧಾರವಾಡ ನಿನ್ನೆ ಮುಂಬಯಿ ರಾಜ್ಯದಲ್ಲಿತ್ತು, ಅದೂ ಮೈಸೂರಿಗೆ ಬಂದಿದೆ. ಕನ್ನಡಿಗರೆಲ್ಲ ಒಂದಾದರು. ಇಲ್ಲಿನ ಕನ್ನಡ ಸಂಘದವರು ಸಂಜೆ ಸಭೆ ಇಟ್ಟಿದ್ದರು. ರುಮಾಲುಗಳು, ಹಾರಗಳು, ಪೇಢೆಯ ತಟ್ಟೆಗಳು. ಕನ್ನಡಮ್ಮನನ್ನು ನೆನೆದು ಗಂಟಲು ಕಟ್ಟಿಸಿಕೊಂಡ ಭಾಷಣಕಾರರಲ್ಲಿ ಒಬ್ಬರು, ಮಗ ಕಾನ್ವೆಂಟಿನಲ್ಲಿ ಓದುತ್ತಾನೆಂದು ಪೇಢೆ ತಿನ್ನುತ್ತ ನನಗೆ ಇಂಗ್ಲಿಷಿನಲ್ಲಿ ಹೇಳಿದರು.

ಗದಿಗೆಪ್ಪನವರೂ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ತಮ್ಮಾ, ನಮ್ಮೂರು ಇನ್ನ ಬ್ಯಾರೆ ರಾಜ್ಯ ಆತಲ್ಲ. ನನ್ನ ಕಾಗದ ಎಲ್ಲಿ ನಿಂತಿದ್ದೀತು?"

ಇಡೀ ಸಭೆಯಲ್ಲಿ ಕೇಳಿದ ಒಂದೇ ಬುದ್ಧಿವಂತ ಮಾತು ಅದು. ಇನ್ನೊಂದು ಪೇಢೆ ಕೊಟ್ಟೆ.

ಶೇಠ್‌ನ ಗಾಜಿನ ಕಪಾಟು ತಯಾರಾಗಿಲ್ಲವಂತೆ. ಪೇಢಿಯ ಆರಂಭ ಡಿಸೆಂಬರಿಗೆ ಹೋಗಿದೆ. ಸರಕಾರಗಳು ಮಾಡದ ಉಪಕಾರವನ್ನು ಒಬ್ಬ ಸೋಮಾರಿ ಬಡಗಿ ಮಾಡಿದ.

೯ ನವೆಂಬರ್

ಕಾಗದ ಹಿಂದೆ ಬಂದಿದೆ. ಊರ ಗೌಡನ ತನಕ ಹೋಗಲೇ ಇಲ್ಲ. ಇನ್ನು ಇದು ಪರರಾಜ್ಯದ ವ್ಯವಹಾರ, ಒಂದು ಸರಕಾರ ಇನ್ನೊಂದು ಸರಕಾರವನ್ನು ಕೇಳಬೇಕು. ಫೋರ್ಟಿನ ಕಚೇರಿಯಲ್ಲಿ ಇಡೀ ದಿನ ಬೆಂಚಿನ ಮೇಲೆ ಕೂತು ತಿಳಿದುಕೊಂಡದ್ದು ಇಷ್ಟೇ. ನನ್ನ ಜೊತೆ ಬೆಂಚಿನಲ್ಲಿದ್ದ ಒಬ್ಬ ಪಾರ್ಸಿ ಮುದುಕನಿಗೆ, ಅಜ್ಜನ ತುಕ್ಕು ಹಿಡಿದ ಕತ್ತಿಯನ್ನು ಗೋಡೆಗೆ ತೂಗುಹಾಕಲು ಅಪ್ಪಣೆ ಬೇಕಿತ್ತು. ಎಷ್ಟು ಕಾಲದಿಂದ ಬರುತ್ತಿದ್ದೀರಿ ಎಂದೆ. ಮೊದಲು ಬಂದಾಗ ಅಜ್ಜನೇ ಜೊತೆಗಿದ್ದ ಎಂದ. ಹುಲು ಮಾನವ ನಾನು, ಅವನ ಮುಂದೆ ತಲೆ ಬಾಗಿಸಿದೆ.

ಹೋಟೆಲಿಗೆ ಬಂದಾಗ ಮಾವ, ಗಲ್ಲಾ ಬಿಟ್ಟು ಎಂತ ಮಾಡ್ತಾ ಇದ್ದಿ ಎಂದು ಕೇಳಿದರು. ಸರಕಾರದ ಅಧ್ಯಯನ ಎಂದೆ.

೧೭ ನವೆಂಬರ್

ಪೇಢಿಯ ಶೇಠ್ ಕೊನೆಯ ಮಾತು ಹೇಳಿದ್ದಾನೆ. ಈ ತಿಂಗಳು ಮುಗಿಯುವುದರೊಳಗೆ ಲೈಸೆನ್ಸ್ ಇಲ್ಲದಿದ್ದರೆ ಬೇರೆಯವನು. ಮಲ್ಲವ್ವನ ಬಲತೋಳು ಊದಿದೆ, ಎರಡು ದಿನದಿಂದ ಖಾನಾವಳಿಗೆ ಹೋಗಿಲ್ಲ.

ಸಬ್ ಇನ್‌ಸ್ಪೆಕ್ಟರರು ಕೂಡ ಬೇಸತ್ತಿರಬೇಕು. ಒಂದು ಸಂದಿ ತೋರಿಸಿದರು. ಅರ್ಜಿದಾರನನ್ನು ಐದು ವರ್ಷದಿಂದ ಬಲ್ಲ ಇಬ್ಬರು ಮರ್ಯಾದಸ್ಥರು ಜಬಾನಿ ಬರೆಸಿ ಸಹಿ ಹಾಕಿದರೆ ಊರಿನ ವರದಿ ಬೇಡ. ಚಾಳಿನವರು ಆಗದು, ಅವರ ನಾಲಿಗೆ ಈಗಾಗಲೇ ಎರಡಾಗಿದೆ. ಕನ್ನಡ ಶಾಲೆಯ ಸಿದ್ದಲಿಂಗಪ್ಪ ಮಾಸ್ತರರು ಒಪ್ಪಿದರು. ಎರಡನೆಯವರಾಗಿ ಮಾವನನ್ನು ಕೇಳಲು ಗದಿಗೆಪ್ಪನವರೇ ಬಂದರು. ಮಾವ ಅವರನ್ನು ಕೂರಿಸಿದರು, ಚಹಾ ಕೊಟ್ಟರು, ಆಗುವುದಿಲ್ಲ ಎಂದರು. ಯುದ್ಧದ ಕಾಲದಲ್ಲಿ ಯಾರದೋ ಜಗಳಕ್ಕೆ ಸಾಕ್ಷಿಯಾಗಿ ಹೆಸರು ಕೊಟ್ಟು ಎರಡು ವರ್ಷ ಕೋರ್ಟಿನ ಕಟ್ಟೆ ಸವೆಸಿದವರು ಅವರು. ಅಂದಿನಿಂದ ಪೊಲೀಸರ ಪುಸ್ತಕಕ್ಕೆ ತಮ್ಮ ಹೆಸರು ಕೊಡುವುದಿಲ್ಲವೆಂದು ಧರ್ಮಸ್ಥಳದ ಕಡೆ ಮುಖ ಮಾಡಿ ಆಣೆ ಹಾಕಿದ್ದಾರೆ. ಹೇಡಿಗಳೂ ಆಣೆಯನ್ನು ಎಷ್ಟು ಭಕ್ತಿಯಿಂದ ಪಾಲಿಸುತ್ತಾರೆ.

ಗದಿಗೆಪ್ಪನವರು ಎದ್ದು ಕೈ ಮುಗಿದು ಹೊರಟರು. ಅರ್ಧ ಚಹಾ ಹಾಗೇ ಇತ್ತು.

ನಾನು ಕೊಡುತ್ತೇನೆ ಎಂದು ಹಿಂದಿನಿಂದ ಕೂಗಿದೆ. ನನಗೆ ಪ್ರಾಯ ತುಂಬಿದೆ, ಐದು ವರ್ಷದಿಂದ ಇವರನ್ನು ಬಲ್ಲೆ, ನಾನು ಚಾಳಿನವನೂ ಅಲ್ಲ. ಸಬ್ ಇನ್‌ಸ್ಪೆಕ್ಟರರ ಮುಂದೆ ಮರ್ಯಾದಸ್ಥನಾಗಿ ನಿಲ್ಲುವುದೂ ಒಂದು ಮಜಾ ತಾನೇ.

೨೨ ನವೆಂಬರ್

ಮರ್ಯಾದಸ್ಥರ ಮರ್ಯಾದೆಗೂ ಚೌಕಶಿ ಉಂಟಂತೆ. ಇದು ನನಗೆ ತಿಳಿದಿರಲಿಲ್ಲ.

ಹವಾಲ್ದಾರ ಮಧ್ಯಾಹ್ನ ಚಾಳಿಗೆ ಬಂದ. ಈ ಸಲ ನನ್ನನ್ನು ಕರೆಯಲಿಲ್ಲ, ಮಾಸ್ತರರನ್ನು ದುಭಾಷಿ ಮಾಡಿಕೊಂಡ. ಕರೆಯದಿದ್ದರೂ ಹೋದೆ. ಹೋಟೆಲಿನ ಸದಾನಂದ ಹೇಗೆ, ಅವನ ಮಾತು ನಂಬಬಹುದೇ ಎಂದು ಕೇಳಿದ. ಇವರೋ, ಖರೆ ಬಿಟ್ಟು ಇನ್ನೇನೂ ಆಡುವುದಿಲ್ಲವೆಂದು ಆಣೆ ಹಾಕಿ ಕೂತವರು. ಕಾಶಪ್ಪ ಎದ್ದು ನಿಂತ. ಸರಕಾರ ಪುಕ್ಕಟೆ ಎಮ್ಮೆ ಕೊಡುತ್ತದೆ ಎಂದು ನಾನು ಅವನನ್ನು ಹಗ್ಗ ಸಮೇತ ಮಲಾಡಿನ ತಬೇಲಾಗಳಿಗೆ ಕಳಿಸಿದ್ದನ್ನು ಹೇಳಿದ. ಲಸಿಕೆಯವರು ಬಂದು ಗಂಡಸರಿಗೆ ಮಾತ್ರ ದೊಡ್ಡ ಸೂಜಿ ಚುಚ್ಚುತ್ತಾರೆಂದು ನಾನು ಸುದ್ದಿ ಹಬ್ಬಿಸಿದ ದಿನ ಮೂವರು ಗೂಡ್ಸ್ ಡಬ್ಬಿಯಲ್ಲಿ ಅಡಗಿ ಕಲ್ಯಾಣಕ್ಕೆ ಹೋಗಿ ಇಳಿದದ್ದು ಹೊರಗೆ ಬಂತು. ಎಲ್ಲವನ್ನೂ ನೆಟ್ಟಗೆ, ಒಂದಿಷ್ಟೂ ಕೋಪವಿಲ್ಲದೆ ಹೇಳಿದರು. ನಗು ಕೂಡ ಇರಲಿಲ್ಲ. ನನ್ನ ಒಳ್ಳೆಯ ಕೆಲಸಗಳನ್ನು ಇಷ್ಟು ನೀರಸವಾಗಿ ಹೇಳಿದ್ದು ಕೇಳಿ ನನಗೇ ನಾಚಿಕೆಯಾಯಿತು.

ಕೊನೆಗೆ ರಾಚವ್ವ. ನನ್ನ ಕಡೆ ನೋಡಿಯೇ ಹೇಳಿದಳು.

"ಅಂದ ನಳದ ಮುಂದ ಯಾತಕ ಬರ್ತಾರಪಾ ಅಂತ ನಾ ಕೇಳೀನಿ. ಇಂವಗ ಗೊತ್ತಿತ್ತು. ಅರ್ಜಿ ಬರದಾಂವನ ಇಂವಾ. ಮ್ಯಾಲ ನೋಡಿ ಉಸಿರು ಬಿಟ್ಟ. ಒಂದ ಮಾತ ಹೇಳಿದ್ರ ನಾ ಹಪ್ಪಳ ಹಾಕ್ತಿದ್ದಿಲ್ಲ."

ಮಾಸ್ತರರು ಅದನ್ನು ಮರಾಠಿಗೆ ಇಳಿಸಿದರು, ಶಬ್ದಕ್ಕೆ ಶಬ್ದ.

ಗದಿಗೆಪ್ಪನವರು ಮೆಟ್ಟಿಲ ಹತ್ತಿರ ನಿಂತಿದ್ದರು. ನನ್ನನ್ನು ನೋಡಿದರು. ಒಮ್ಮೆ ಕೆಮ್ಮಿದರು. ಮಾತು ಬರುತ್ತದೆಂದು ಕಾದೆ. ಬರಲಿಲ್ಲ.

ಹವಾಲ್ದಾರ ಅಲ್ಲಿಂದ ನೇರ ಹೋಟೆಲಿಗೆ ಹೋದ. ನಾನೂ ಹಿಂದೆ ಹೋದೆ. ಗದಿಗೆಪ್ಪನವರು ಬಂದು ಹೊರಗೆ ನಿಂತರು. ನಿಮ್ಮ ಅಳಿಯನ ಬಗ್ಗೆ ನೀವು ಏನು ಹೇಳುತ್ತೀರಿ ಎಂದು ಹವಾಲ್ದಾರ ಮಾವನನ್ನು ಕೇಳಿದ. ನಮ್ಮಲ್ಲಿ ಮಾವನ ಮನೆತನಕ್ಕೆ ಅಕ್ಕತಂಗಿಯ ಮಗನೇ ಹಕ್ಕುದಾರ. ಮಾವ ತಮ್ಮ ಮನೆಯ ಮರ್ಯಾದೆಯನ್ನು ಬಿಟ್ಟುಕೊಡುವುದಿಲ್ಲ, ಎರಡು ಒಳ್ಳೆಯ ಮಾತು ಹೇಳಿಯೇ ಹೇಳುತ್ತಾರೆ, ಅಷ್ಟಾದರೆ ಸಾಕು ಎಂದುಕೊಂಡೆ.

ಮಾವ ಕೈಯಲ್ಲಿದ್ದ ಬಟ್ಟೆಯಿಂದ ಮೇಜನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಹೊರಗೆ ನಿಂತವರ ಕಡೆ ಒಮ್ಮೆ ನೋಡಿದರು.

"ಅವ ನನ್ನ ತಂಗಿಯ ಮಗ," ಎಂದರು. "ನನ್ನ ನಂತರ ಈ ಹೋಟೆಲು ಅವನದ್ದೇ. ಆದರೆ ಅವನ ಮಾತಿನ ಮೇಲೆ ಒಬ್ಬನ ಅನ್ನ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಹವಾಲ್ದಾರ್ರೇ. ಅವನ ಹೆಸರು ಹೊಡೆದು ಹಾಕಿ. ನನ್ನದು ಬರ್ಕೊಳ್ಳಿ."

ಆಮೇಲೆ ತಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ನಿಧಾನವಾಗಿ ಹೇಳಿದರು. ಹವಾಲ್ದಾರ ಪೆನ್ಸಿಲ್ ಒದ್ದೆ ಮಾಡಿ ಬರೆದ. ಸಹಿ ಹಾಕಿದ ಮೇಲೆ ಮಾವ ಅಡುಗೆಮನೆಗೆ ಹೋಗಿ ನೀರು ಕುಡಿದರು.

ವಯಸ್ಸಾದವರಿಗೆ ಆಣೆ ಮುರಿಯುವುದರಲ್ಲೂ ಆಡಂಬರ ಬೇಕು.

೨೩ ನವೆಂಬರ್

ಬರೆಯುವಂಥದ್ದು ಏನೂ ಇಲ್ಲ. ಮಾವ ಇಡೀ ದಿನ ಅಡುಗೆಮನೆಯಲ್ಲೇ ಇದ್ದರು. ಸಾಂಬಾರಿಗೆ ಉಪ್ಪು ಹೆಚ್ಚಾಗಿತ್ತು.

೩೦ ನವೆಂಬರ್

ಲೈಸೆನ್ಸ್ ಬಂತು. ಕೊನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ. ಮಾಸ್ತರರು ಜೊತೆಗೆ ಹೋಗಿ ತಂದರಂತೆ. ನನ್ನನ್ನು ಯಾರೂ ಕರೆಯಲಿಲ್ಲ. ಆ ಬೆಂಚಿನಲ್ಲಿ ತಿಗಣೆ ಕೂಡ ಇವೆ.

೧೬ ಡಿಸೆಂಬರ್

ಗದಿಗೆಪ್ಪನವರು ಇಂದು ಕೆಲಸಕ್ಕೆ ಹೊರಟರು. ಮಧ್ಯಾಹ್ನ ಮೂರರ ಹೊತ್ತು, ಹೋಟೆಲಿನಲ್ಲಿ ನೊಣಗಳನ್ನು ಬಿಟ್ಟರೆ ಬೇರೆ ಗಿರಾಕಿಯಿರಲಿಲ್ಲ. ಖಾಕಿ ಕೋಟು, ಹೆಗಲಿಗೆ ಜೋಡುನಳಿಗೆ. ಚಾಳಿಗೆ ಚಾಳೇ ಹಿಂದೆ. ಊದಿದ ತೋಳಿಗೆ ಪಟ್ಟಿ ಕಟ್ಟಿಕೊಂಡು ಮಲ್ಲವ್ವ ಎಲ್ಲರಿಗಿಂತ ಮುಂದೆ ಬಂದಿದ್ದಳು, ರೊಟ್ಟಿಯ ಗಂಟು ಹಿಡಿದು. ಇನ್ನು ಅವಳು ದಾದರಿಗೆ ಹೋಗಬೇಕಾಗಿಲ್ಲವಂತೆ.

ಈ ತಿಂಗಳಿಡೀ ಗದಿಗೆಪ್ಪನವರು ಚಹಾಕ್ಕೆ ಸ್ಟೇಷನ್ನಿನ ಹತ್ತಿರದ ಇರಾನಿ ಹೋಟೆಲಿನಲ್ಲಿ ಕೂರುತ್ತಾರೆ. ಆ ಇರಾನಿ ಚಹಾ ಕುಡಿಯುವವರನ್ನು ಕಂಡರೆ ನನಗೆ ಕನಿಕರ. ಇಂದು ಮಾತ್ರ ನಮ್ಮ ಬಾಗಿಲ ಎದುರು ನಿಂತರು. ಒಳಗೆ ಬರಲಿಲ್ಲ. ಮಾವನೇ ಲೋಟ ಹಿಡಿದು ಹೊರಗೆ ಹೋದರು. ಗದಿಗೆಪ್ಪನವರು ಅಲ್ಲೇ ನಿಂತು ಕುಡಿದರು, ಪೂರ್ತಿ. ಇಬ್ಬರೂ ಏನೋ ಮಾತಾಡಿದರು. ಗಲ್ಲಾಕ್ಕೆ ಕೇಳಿಸಲಿಲ್ಲ.

ಮಾಸ್ತರರು ಹೇಳಿದ ಒಂದು ಸಂಗತಿ ಇಲ್ಲಿ ದಾಖಲಾಗಲೇಬೇಕು. ಶೇಠ್‌ಗೆ ತೋಟಾಗಳೆಂದರೆ ಭಯವಂತೆ. ಅವುಗಳನ್ನು ತಿಜೋರಿಯಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾನಂತೆ. ನಾಲ್ಕು ತಿಂಗಳು, ಎರಡು ರಾಜ್ಯ, ಒಂದು ಚಾಳು, ಒಬ್ಬ ಸತ್ತವನು ಎದ್ದು ಬಂದ ಮೇಲೆ ಸಿಕ್ಕ ಬಂದೂಕು ಖಾಲಿ. ತನ್ನ ನಾಯಿಯ ಗುರುತು ಹತ್ತದ ಮಲಾಡಿನ ಆ ಮಾಲಕನ ರಿವಾಲ್ವರು ಮಾತ್ರ ತುಂಬಿಕೊಂಡು ದಿಂಬಿನ ಕೆಳಗೆ ನಿದ್ದೆ ಮಾಡುತ್ತಿದೆ.

ಇದರ ಮೇಲೆ ಬಹಳ ಒಳ್ಳೆಯ ಮಾತೊಂದು ನನ್ನ ಬಳಿ ತಯಾರಿತ್ತು. ಇಡೀ ಮೆರವಣಿಗೆ ಬಿದ್ದು ಬಿದ್ದು ನಗುವಂಥದ್ದು. ಅವರು ಲೋಟವನ್ನು ಮಾವನ ಕೈಗೆ ಕೊಟ್ಟು, ಲೋಕಲ್ ತಪ್ಪೀತೆಂದು ಬೇಗ ಬೇಗ ಹೆಜ್ಜೆ ಹಾಕಿದರು. ಈ ಕಡೆ ನೋಡಲಿಲ್ಲ. ಗಿರಾಕಿಗಳ ಗದ್ದಲದಲ್ಲಿ ನನಗೂ ಹೇಳಲು ಆಗಲಿಲ್ಲ.

ಜನ ಚದುರಿದರು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಬಂದೂಕಿನ ತುದಿ ಕಾಣಿಸುತ್ತಿತ್ತು. ಅದು ಆ ಕಡೆ ಇಳಿದು ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದೆ. ಡಿಸೆಂಬರಿನಲ್ಲೂ ಈ ಹೋಟೆಲಿನ ಒಳಗೆ ಎಂಥ ಸೆಕೆ.